ಟಿವಿ ಶಾಪಿಂಗ್ ಚಾನೆಲ್ ನೋಡುವ ಹುರುಪೇ ಹೋಗಿದೆ, ನಿಮಗೂ ಹಾಗೇ ಅನಿಸುತ್ತಿದೆಯಾ?

ಸಂಜೆ ವೀಕ್ಷಕಿ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ಟಿವಿ ಶಾಪಿಂಗ್ ಚಾನೆಲ್‌ಗಳನ್ನು ನಾನು ವರ್ಷಗಟ್ಟಲೆ ಇಷ್ಟಪಟ್ಟು ನೋಡಿದವಳು. ಏನೂ ಕೊಳ್ಳದಿದ್ದರೂ ನೋಡುತ್ತಿದ್ದೆ. ಈಗ ಆ ಚಾನೆಲ್ ಬಂದರೆ ಸಾಕು, ಕೈ ತಾನಾಗಿಯೇ ಮುಂದಿನ ಬಟನ್ ಒತ್ತುತ್ತದೆ.

ಯಾಕೆ ಅಂತ ಕೂತು ಯೋಚಿಸಿದೆ. ಮೊದಲು ಒಂದು ಕೈಚೀಲ ಮಾರಲು ತಂದರೆ ನಿರೂಪಕಿ ಅದರ ಜಿಪ್ ಎಳೆದು ತೆಗೆಯುತ್ತಿದ್ದರು. ಒಳಗಿನ ಬಟ್ಟೆಯನ್ನು ಹೊರಕ್ಕೆ ತಿರುಗಿಸಿ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದರು. ಕ್ಯಾಮೆರಾ ಹತ್ತಿರ ಬರುತ್ತಿತ್ತು. ಕನ್ನಡಕದ ಡಬ್ಬಿ, ನೀರಿನ ಬಾಟಲಿ, ಮಡಚುವ ಕೊಡೆ ಒಂದೊಂದಾಗಿ ಒಳಗೆ ಹಾಕುತ್ತಿದ್ದರು. ಕೊಡೆ ಹಿಡಿಸದಿದ್ದರೆ ಹಿಡಿಸಲ್ಲ ಅಂತಲೇ ಹೇಳುತ್ತಿದ್ದರು. ಆಮೇಲೆ ಎತ್ತರದವರೊಬ್ಬರು, ಕುಳ್ಳಗಿನವರೊಬ್ಬರು ಅದನ್ನು ಭುಜಕ್ಕೆ ಹಾಕಿಕೊಂಡು ನಡೆದು ತೋರಿಸುತ್ತಿದ್ದರು. ಅಷ್ಟು ಹೊತ್ತಿಗೆ ನನಗೆ ಅದು ಬೇಕೋ ಬೇಡವೋ ಗೊತ್ತಾಗಿಬಿಡುತ್ತಿತ್ತು.

ಈಗ ಚೀಲ ಸ್ಟ್ಯಾಂಡಿನ ಮೇಲೆ ಮುಚ್ಚಿಕೊಂಡೇ ಇರುತ್ತದೆ. ಮಾತೆಲ್ಲ ಕಂತಿನದು, ಸಮಯ ಮುಗಿಯುತ್ತಿದೆ ಅಂತ ಪರದೆಯಲ್ಲಿ ಓಡುವ ಗಡಿಯಾರದ್ದು, "ಇನ್ನು ಸ್ವಲ್ಪವೇ ಉಳಿದಿದೆ" ಅನ್ನುವುದು. ಬೆಳಿಗ್ಗೆ ನೋಡಿದ್ದನ್ನೇ ಸಂಜೆಯೂ ತೋರಿಸುತ್ತಾರೆ. ನನಗೆ ಸಿಟ್ಟಿಲ್ಲ, ಬೇಸರ ಇದೆ. ಇದು ನನ್ನೊಬ್ಬಳದೇ ಅನುಭವವಾ?

ಬೆಲೆ ನೋಡುವವ:

ನಿಮ್ಮೊಬ್ಬರದೇ ಅಲ್ಲ ಮೇಡಂ. ಆದರೆ ನನ್ನ ಕಾರಣ ಬೇರೆ. ನನಗೆ ಎಲ್ಲವೂ ಬೆಲೆಯ ವಿಷಯ.

ಟಿವಿಯಲ್ಲಿ ಒಂದು ವಸ್ತು ಬಂದ ತಕ್ಷಣ ಅದರ ಮಾಡೆಲ್ ಹೆಸರನ್ನು ಫೋನಿನಲ್ಲಿ ಹುಡುಕುತ್ತೇನೆ. ಅದೇ ವಸ್ತು ಬೇರೆ ಕಡೆ ಎಷ್ಟಕ್ಕೆ ಸಿಗುತ್ತದೆ ಅಂತ ನಿರೂಪಕರು ಎರಡನೇ ವಾಕ್ಯ ಮುಗಿಸುವಷ್ಟರಲ್ಲಿ ಗೊತ್ತಾಗುತ್ತದೆ. ಬಹಳ ಸಲ ಬೇರೆ ಕಡೆಯೇ ಅಗ್ಗ. ಅದರ ಮೇಲೆ ಚಾನೆಲ್‌ನವರ ಸಾಗಣೆ ಖರ್ಚು ಬೇರೆ. ಇಷ್ಟವಾಗದೆ ವಾಪಸ್ ಕಳಿಸಿದರೆ ಆ ಖರ್ಚು ನಮ್ಮ ತಲೆಗೇ, ಕಳಿಸುವ ಖರ್ಚೂ ಎಷ್ಟೋ ಸಲ ನಮ್ಮದೇ.

ನನ್ನನ್ನು ಹೆಚ್ಚು ದೂರ ಮಾಡಿದ್ದು ಆ ಗೀಟು ಹಾಕಿದ ಬೆಲೆ. ಪರದೆಯ ಮೂಲೆಯಲ್ಲಿ ದೊಡ್ಡ ಮೊತ್ತ ತೋರಿಸಿ ಅದಕ್ಕೆ ಅಡ್ಡಗೆರೆ ಎಳೆದು ಕೆಳಗೆ ಇವರ ಬೆಲೆ ಬರೆಯುತ್ತಾರಲ್ಲ, ಆ ದೊಡ್ಡ ಮೊತ್ತಕ್ಕೆ ಯಾರಾದರೂ ಎಂದಾದರೂ ಕೊಂಡಿದ್ದಾರಾ? ಗ್ರಾಹಕರಿಗೆ ಮೋಸ ಆಗದಂತೆ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಈ ಬಗ್ಗೆ ಮಾರ್ಗಸೂಚಿಯನ್ನೇ ಇಟ್ಟಿದೆ. "ಹಿಂದಿನ ಬೆಲೆ" ಅಂತ ತೋರಿಸಬೇಕಾದರೆ ಆ ಬೆಲೆಗೆ ವಸ್ತುವನ್ನು ಸಾಕಷ್ಟು ಕಾಲ ನಿಜವಾಗಿ ಮಾರಾಟಕ್ಕೆ ಇಟ್ಟಿರಬೇಕು, ಸುಮ್ನೆ ಬರೆಯುವ ಹಾಗಿಲ್ಲ. ಇಂಥದ್ದೊಂದು ಮಾರ್ಗಸೂಚಿ ಬೇಕಾಯಿತು ಅಂದರೆ ಈ ಚಾಳಿ ಎಷ್ಟು ಹಳೆಯದು ನೋಡಿ.

ಹಳೇ ಆಂಟೆನಾ:

ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ. ಹೇಗೆ ಶುರುವಾಯಿತು ಅಂತ ಗೊತ್ತಾದರೆ ಯಾಕೆ ಸೊರಗುತ್ತಿದೆ ಅನ್ನುವುದೂ ಸ್ವಲ್ಪ ಅರ್ಥವಾಗುತ್ತದೆ.

ಇದರ ಬೇರು ಇರುವುದು ರೇಡಿಯೋದಲ್ಲಿ. 1977ರಲ್ಲಿ ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಊರಿನ ಒಂದು ಸಣ್ಣ ರೇಡಿಯೋ ಸ್ಟೇಷನ್‌ಗೆ ಜಾಹೀರಾತುದಾರನೊಬ್ಬ ದುಡ್ಡು ಕೊಡಲಾಗದೆ ಡಬ್ಬಿ ತೆರೆಯುವ 112 ಓಪನರ್ ಕೊಟ್ಟ ಅಂತ ಕಥೆ ಇದೆ. ಮಾಲೀಕ ಲೊವೆಲ್ ಪ್ಯಾಕ್ಸನ್ ಅವನ್ನು ತನ್ನ ನಿರೂಪಕ ಬಾಬ್ ಸರ್ಕೋಸ್ಟಾ ಕೈಗೆ ಕೊಟ್ಟು, ನೇರ ಪ್ರಸಾರದಲ್ಲೇ ಮಾರು ಅಂದ. ಎಲ್ಲವೂ ಖಾಲಿಯಾದವು. ಪ್ಯಾಕ್ಸನ್ ಮತ್ತು ರಾಯ್ ಸ್ಪೀರ್ ಸೇರಿ 1982ರಲ್ಲಿ ಅದನ್ನೇ ಸ್ಥಳೀಯ ಕೇಬಲ್ ಚಾನೆಲ್ ಮಾಡಿದರು. 1985ರಲ್ಲಿ ಅದು ದೇಶಕ್ಕೆಲ್ಲ ಹೋಯಿತು. ಅದೇ ಈಗಿನ ಎಚ್‌ಎಸ್‌ಎನ್, ಅಂದರೆ ಹೋಮ್ ಶಾಪಿಂಗ್ ನೆಟ್‌ವರ್ಕ್. ಮರುವರ್ಷ, 1986ರ ನವೆಂಬರ್‌ನಲ್ಲಿ, ಜೋಸೆಫ್ ಸೀಗಲ್ ಕಟ್ಟಿದ ಕ್ಯೂವಿಸಿ ಅನ್ನುವ ಇನ್ನೊಂದು ಶಾಪಿಂಗ್ ಚಾನೆಲ್ ಪೆನ್ಸಿಲ್ವೇನಿಯಾದಿಂದ ಪ್ರಸಾರ ಶುರು ಮಾಡಿತು. ಆಮೇಲೆ ಬ್ರಿಟನ್, ಜರ್ಮನಿ, ಜಪಾನ್, ಇಟಲಿಗೂ ಹರಡಿತು. ದಕ್ಷಿಣ ಕೊರಿಯಾದಲ್ಲಿ 1995ರಲ್ಲಿ ಅಲ್ಲಿಯದೇ ಚಾನೆಲ್‌ಗಳು ಬಂದವು.

ಆ ಕಾಲದಲ್ಲಿ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದು ವಸ್ತುವನ್ನು ಕಣ್ಣಾರೆ ನೋಡಿ ಕೊಳ್ಳಲು ಬೇರೆ ದಾರಿಯೇ ಇರಲಿಲ್ಲ. ಚಾನೆಲ್‌ಗಳೂ ಕಡಿಮೆ. ರಿಮೋಟ್ ಒತ್ತುತ್ತಾ ಹೋದವರು ಇಲ್ಲಿ ನಿಲ್ಲುತ್ತಿದ್ದರು. ಆಕಸ್ಮಿಕವಾಗಿ ನಿಂತ ಆ ವೀಕ್ಷಕರೇ ಇವರ ಬಂಡವಾಳ.

ಆ ನಿಲ್ಲುವವರು ಈಗ ಇಲ್ಲ. 2020ರಲ್ಲಿ ಎಲ್ಲರೂ ಮನೆಯಲ್ಲೇ ಉಳಿದಾಗ ಗಿರಾಕಿಗಳು ಒಮ್ಮೆಲೇ ಜಾಸ್ತಿಯಾದರು, ಆಮೇಲೆ ಅಷ್ಟೇ ಬೇಗ ಕರಗಿದರು. ಎಚ್‌ಎಸ್‌ಎನ್ ಅನ್ನು ಕ್ಯೂವಿಸಿಯ ಮಾತೃಸಂಸ್ಥೆ 2017ರ ಕೊನೆಗೆ ಪೂರ್ತಿ ಕೊಂಡುಕೊಂಡಿತು. ಒಂದನ್ನೊಂದು ಮೀರಿಸಲು ಹೊರಟಿದ್ದ ಎರಡು ಚಾನೆಲ್ ಒಂದೇ ಮನೆಯವಾದವು. ಕ್ಯೂವಿಸಿಯ ಫ್ರಾನ್ಸ್ ಶಾಖೆ ನಾಲ್ಕು ವರ್ಷವೂ ತುಂಬದೆ 2019ರಲ್ಲಿ ಮುಚ್ಚಿತು. 2021ರ ಡಿಸೆಂಬರ್‌ನಲ್ಲಿ ನಾರ್ತ್ ಕ್ಯಾರೊಲಿನಾದ ರಾಕಿ ಮೌಂಟ್‌ನಲ್ಲಿದ್ದ ಅವರ ದೊಡ್ಡ ಗೋದಾಮು ಸುಟ್ಟುಹೋಗಿ ಒಬ್ಬ ಕೆಲಸಗಾರ ಜೀವ ಕಳೆದುಕೊಂಡರು. 2023ರಲ್ಲಿ ಅಮೆರಿಕದ ಶಾಪ್‌ಎಚ್‌ಕ್ಯೂ ಚಾನೆಲ್‌ನ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಬ್ರಿಟನ್ನಿನ ಐಡಿಯಲ್ ವರ್ಲ್ಡ್ ಸಹ ಕುಸಿಯಿತು. ಹಾಗಾಗಿ ಸಂಜೆ ವೀಕ್ಷಕಿ ಅವರೇ, ಬೇಸರಪಟ್ಟವರು ನೀವೊಬ್ಬರೇ ಆಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಬೆಲೆ ನೋಡುವವ:

ಒಳ್ಳೆಯ ಮಾಹಿತಿ ಸರ್. ಆದರೆ ಇದರಲ್ಲೂ ಉತ್ತರ ಬೆಲೆಯೇ ಅಲ್ವಾ? ಬೇರೆ ಕಡೆ ಅಗ್ಗಕ್ಕೆ ಸಿಕ್ಕಿತು, ಜನ ಅಲ್ಲಿಗೆ ಹೋದರು.

ಹಳೆಯ ಹೆಡ್‌ಸೆಟ್:

ಇಲ್ಲ, ಪೂರ್ತಿ ಒಪ್ಪುವುದಿಲ್ಲ. ನಾನು ಇಂಥದ್ದೇ ಒಂದು ಚಾನೆಲ್‌ಗೆ ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವ ಕೆಲಸ ಮಾಡಿದವಳು. ಹೆಸರು ಬೇಡ. ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ನಮ್ಮ ಎದುರು ಎರಡು ಪರದೆ. ಒಂದರಲ್ಲಿ ನೇರ ಪ್ರಸಾರ, ಸದ್ದಿಲ್ಲದೆ. ಇನ್ನೊಂದರಲ್ಲಿ ಆರ್ಡರ್ ಫಾರಂ. ನಿರೂಪಕಿ ಏನಾದರೂ ಎತ್ತಿ ಹಿಡಿದು ಹತ್ತಿರದಿಂದ ತೋರಿಸಿದರೆ ಸಾಕು, ಕ್ಷಣದಲ್ಲಿ ಕರೆಗಳು ಏರುತ್ತಿದ್ದವು. ಅದು ಸ್ಟುಡಿಯೋದಲ್ಲೂ ಗೊತ್ತಾಗುತ್ತದೆ. ನಿರೂಪಕರ ಕಿವಿಯಲ್ಲಿ ಪುಟ್ಟ ಇಯರ್‌ಪೀಸ್ ಇರುತ್ತದೆ. ಒಳಗಿನಿಂದ ನಿರ್ಮಾಪಕರು ಹೇಳುತ್ತಲೇ ಇರುತ್ತಾರೆ: ನೀಲಿ ಬಣ್ಣ ಓಡುತ್ತಿದೆ, ಅದನ್ನೇ ಹಿಡಿ. ಕರೆ ಇಳಿಯಿತು, ಮುಂದಿನದಕ್ಕೆ ಹೋಗು. ಈ ವ್ಯಾಪಾರದಲ್ಲಿ ಅಳತೆಗೋಲು ನಿಮಿಷ. ಒಂದು ನಿಮಿಷ ತೋರಿಸಿದ್ದಕ್ಕೆ ಎಷ್ಟು ಮಾರಾಟವಾಯಿತು? ಕಡಿಮೆಯಾದರೆ ಆ ವಸ್ತುವಿಗೆ ಮತ್ತೆ ಸಮಯ ಸಿಗುವುದಿಲ್ಲ.

ಕರೆ ಮಾಡುತ್ತಿದ್ದವರು ನನ್ನನ್ನು ಬೆಲೆ ಕೇಳಿದ್ದು ಬಹಳ ಕಡಿಮೆ. ಬೆಲೆ ಪರದೆ ಮೇಲೇ ಇರುತ್ತಿತ್ತಲ್ಲ. ಅವರು ಕೇಳುತ್ತಿದ್ದದ್ದು ಬೇರೆ. "ಆ ಅಂಗಿಯ ತೋಳು ನನ್ನ ಮೊಣಕೈ ಮುಚ್ಚುತ್ತಾ? ನನಗೆ ಅಲ್ಲೊಂದು ಸುಟ್ಟ ಗಾಯದ ಗುರುತಿದೆ." "ಆ ಗುಂಡಿ ಒತ್ತಲು ಗಟ್ಟಿ ಇದೆಯಾ? ನನ್ನ ಬೆರಳು ಮಡಚುವುದಿಲ್ಲ." ಒಬ್ಬರು ಹಾಸಿಗೆ ಹೊದಿಕೆ ಕೊಳ್ಳುವಾಗ, ಒಗೆದರೆ ಸದ್ದು ಮಾಡುವ ಬಟ್ಟೆಯಾ ಅಂತ ಕೇಳಿದರು. ಯಜಮಾನರಿಗೆ ರಾತ್ರಿ ಸಣ್ಣ ಸದ್ದಿಗೂ ಎಚ್ಚರವಾಗುತ್ತದಂತೆ. ಇಂಥ ಪ್ರಶ್ನೆಗೆ ಯಾವ ವೆಬ್ ಪುಟದಲ್ಲೂ ಉತ್ತರ ಇರುವುದಿಲ್ಲ. ಒಳ್ಳೆಯ ನಿರೂಪಕಿಯಾದರೆ ಕೇಳುವ ಮೊದಲೇ ಹೇಳಿರುತ್ತಿದ್ದರು. ಮೊದಲೇ ಕೊಂಡವರು ಪ್ರಸಾರದ ಮಧ್ಯೆ ಫೋನ್ ಮಾಡಿ ಮಾತಾಡುವ ಪದ್ಧತಿಯೂ ಇತ್ತು. ಗಿರಾಕಿ ಇನ್ನೊಬ್ಬ ಗಿರಾಕಿಗೆ ಹೇಳುವ ಮಾತಿಗೆ ತೂಕ ಜಾಸ್ತಿ.

ಆಮೇಲೆ ನಮ್ಮ ಕೆಲಸವನ್ನೂ ನಿಮಿಷದಲ್ಲಿ ಅಳೆಯತೊಡಗಿದರು. ಕರೆ ಉದ್ದವಾದರೆ ಕೆಂಪು ಗುರುತು. ತೋಳಿನ ಉದ್ದ ಹುಡುಕಿ ಹೇಳುವಷ್ಟು ಹೊತ್ತು ನಮಗೆ ಇರಲಿಲ್ಲ. ನಂತರ ಧ್ವನಿಮುದ್ರಿತ ಯಂತ್ರ ಬಂತು, ವಸ್ತುವಿನ ಸಂಖ್ಯೆ ಒತ್ತಿ, ಬಣ್ಣಕ್ಕೆ ಒಂದು ಒತ್ತಿ. ಅದೇ ಹೊತ್ತಿಗೆ ನೇರ ಪ್ರಸಾರದ ಗಂಟೆಗಳೂ ಕಡಿಮೆಯಾದವು, ಮುದ್ರಿಸಿದ್ದನ್ನೇ ಮತ್ತೆ ಹಾಕತೊಡಗಿದರು. ಖರ್ಚು ಉಳಿಯಿತು, ನಿಜ. ಆದರೆ ಜನ ಯಾವುದಕ್ಕೆ ಬರುತ್ತಿದ್ದರೋ ಅದನ್ನೇ ಕತ್ತರಿಸಿದ್ದರು. ಹೀಗೆ ಉತ್ತರ ಕೊಡುವವರನ್ನು ತೆಗೆದುಹಾಕಿದ ಮೇಲೆ ಉಳಿದದ್ದು ಬೆಲೆಯೊಂದೇ. ಬೆಲೆಯಲ್ಲಿ ಇವರು ಆನ್‌ಲೈನ್ ಅಂಗಡಿಗಳನ್ನು ಗೆಲ್ಲಲು ಸಾಧ್ಯವೇ ಇಲ್ಲ.

ಸಂಜೆ ವೀಕ್ಷಕಿ:

ಹೆಡ್‌ಸೆಟ್ ಅವರೇ, ನನಗೆ ಹೇಳಲು ಬರದೇ ಇದ್ದದ್ದನ್ನು ನೀವು ಹೇಳಿಬಿಟ್ಟಿರಿ. ಆ ತೋಳಿನ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಕಿಟಕಿ ಪಕ್ಕದ ಕುರ್ಚಿ:

ಎಲ್ಲರೂ ಬಿಟ್ಟವರ ಕಡೆಯಿಂದ ಬರೆಯುತ್ತಿದ್ದೀರಿ. ಬಿಡದವರ ಕಡೆಯಿಂದಲೂ ಒಂದು ಮಾತು ಇರಲಿ.

ನನ್ನ ತಾಯಿಗೆ ನಡೆಯಲು ಕಷ್ಟ, ಕಣ್ಣೂ ಮಂಜು. ಫೋನಿನ ಪರದೆಯಲ್ಲಿ ಅವರಿಗೆ ಏನೂ ಕಾಣುವುದಿಲ್ಲ. ನಾನು ಕೊಟ್ಟ ಶಾಪಿಂಗ್ ಆಪ್‌ನಲ್ಲಿ ಬೆರಳು ಎಲ್ಲೋ ತಗುಲಿ ಏನೋ ತೆರೆದುಕೊಳ್ಳುತ್ತದೆ. ಟಿವಿ ದೊಡ್ಡದು, ಅದು ಕಾಣುತ್ತದೆ. ಕಿವಿ ಚೆನ್ನಾಗಿದೆ. ಒಂದು ಚಪ್ಪಲಿಯನ್ನು ಮಾತಿನಲ್ಲಿ ವಿವರಿಸಿದರೆ ಅವರಿಗೆ ಪೂರ್ತಿ ಅರ್ಥವಾಗುತ್ತದೆ. ತಮ್ಮ ಬಟ್ಟೆ, ತಮ್ಮ ದಿಂಬು, ತಂಗಿಗೆ ಕೊಡಬೇಕಾದ ಉಡುಗೊರೆ, ಎಲ್ಲವನ್ನೂ ಅವರೇ ಆರಿಸಿ ಅವರೇ ಫೋನ್ ಮಾಡಿ ತರಿಸಿಕೊಳ್ಳುತ್ತಿದ್ದರು. ಮಗನನ್ನು ಕೇಳದೆ ಒಂದು ವಸ್ತು ಕೊಳ್ಳುವುದು ಅವರಿಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು.

ಈಗ ಅವರೂ ಬೇಸತ್ತಿದ್ದಾರೆ, ಸುಳ್ಳು ಹೇಳುವುದಿಲ್ಲ. "ಇವರು ಹೇಳುವುದಕ್ಕಿಂತ ಕೂಗುವುದೇ ಜಾಸ್ತಿ" ಅನ್ನುತ್ತಾರೆ. ಆದರೆ ಅವರಿಗೆ ಹೋಗಲು ಬೇರೆ ಜಾಗ ಇಲ್ಲ. ಬೆಲೆ ನೋಡುವವ ಅವರೇ, ನೀವು ಫೋನಿನಲ್ಲಿ ಹುಡುಕಬಲ್ಲಿರಿ. ಎಲ್ಲರಿಗೂ ಅದು ಆಗುವುದಿಲ್ಲ.

ಬೆಲೆ ನೋಡುವವ:

ಒಪ್ಪಿದೆ ಸರ್. ತಾಯಿಯವರ ವಿಷಯದಲ್ಲಿ ನನ್ನ ಲೆಕ್ಕ ನಡೆಯುವುದಿಲ್ಲ.

ನಾಲ್ಕನೇ ಚಾನೆಲ್:

ಇದರಲ್ಲಿ ದುಡ್ಡಿನ ಇನ್ನೊಂದು ಮುಖ ಇದೆ, ಅದು ವೀಕ್ಷಕರಿಗೆ ಕಾಣುವುದಿಲ್ಲ. ಶಾಪಿಂಗ್ ಚಾನೆಲ್ ನಿಮ್ಮ ಮನೆಗೆ ಪುಕ್ಕಟೆ ಬರುತ್ತದೆ. ಆದರೆ ಅದನ್ನು ತಲುಪಿಸುವ ಕೇಬಲ್, ಸ್ಯಾಟಲೈಟ್ ಕಂಪನಿಗಳಿಗೆ ಚಾನೆಲ್‌ನವರೇ ದುಡ್ಡು ಕೊಡಬೇಕು. ಅಮೆರಿಕದಲ್ಲಿ ಬಹುಕಾಲದ ಪದ್ಧತಿ ಅಂದರೆ ಆ ಪ್ರದೇಶದಲ್ಲಾದ ಮಾರಾಟದಲ್ಲಿ ಒಂದು ಪಾಲು. ದಕ್ಷಿಣ ಕೊರಿಯಾದಲ್ಲಿ ಇದು ವಿಪರೀತಕ್ಕೆ ಹೋಯಿತು. ಅಲ್ಲಿನ ಟಿವಿ ಶಾಪಿಂಗ್ ಕಂಪನಿಗಳು ಪ್ರಸಾರದಿಂದ ಗಳಿಸಿದ್ದರಲ್ಲಿ 70%ಕ್ಕೂ ಹೆಚ್ಚು 2023ರಲ್ಲಿ ಈ ಪ್ರಸಾರ ಶುಲ್ಕಕ್ಕೇ ಹೋಯಿತು. ಶುಲ್ಕ ಯಾಕೆ ಅಷ್ಟು ಅಂದರೆ, ಜನಪ್ರಿಯ ಚಾನೆಲ್‌ಗಳ ಪಕ್ಕದ ಸಂಖ್ಯೆಗೆ ಪೈಪೋಟಿ. ಹಳೇ ಆಂಟೆನಾ ಹೇಳಿದ ಹಾಗೆ, ದಾರಿಯಲ್ಲಿ ನಿಲ್ಲುವವರು ಬೇಕಲ್ಲ.

ಈಗ ಜನ ಕೇಬಲ್ಲನ್ನೇ ತೆಗೆಸುತ್ತಿದ್ದಾರೆ. ಸ್ಟ್ರೀಮಿಂಗ್‌ನಲ್ಲಿ ಯಾರೂ ಚಾನೆಲ್ ಬದಲಿಸುತ್ತಾ ದಾರಿ ತಪ್ಪಿ ಬರುವುದಿಲ್ಲ. ಬೇಕಾದ್ದನ್ನು ಹುಡುಕಿ ನೇರ ಅಲ್ಲಿಗೇ ಹೋಗುತ್ತಾರೆ. ಹೊಸ ಗಿರಾಕಿ ಬರುವ ಬಾಗಿಲು ಮುಚ್ಚಿದಂತಾಯಿತು. ಆದ್ದರಿಂದ ಹಳೆಯ ಗಿರಾಕಿಗಳಿಂದಲೇ ಜಾಸ್ತಿ ತೆಗೆಯಬೇಕು. ಆ ಕೂಗು, ಆ ಗಡಿಯಾರ, ಆ ಕಂತು ಎಲ್ಲ ಅಲ್ಲಿಂದ ಬಂದದ್ದು ಅಂತ ನನ್ನ ಅನಿಸಿಕೆ. ಉಳಿದವರನ್ನೇ ಹಿಂಡಿದರೆ ಉಳಿದವರೂ ಹೋಗುತ್ತಾರೆ.

ಹೊಸ ಚಿಗುರು:

ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವಳು ಅನಿಸುತ್ತೆ. ಟಿವಿ ಶಾಪಿಂಗ್ ನೋಡಿ ಬೆಳೆದವಳಲ್ಲ. ಆದರೆ ನೀವೆಲ್ಲ ಹೇಳುತ್ತಿರುವುದನ್ನು ನಾನು ದಿನಾ ಫೋನಿನಲ್ಲಿ ನೋಡುತ್ತೇನೆ.

ಚೀನಾದಲ್ಲಿ ತಾವೊಬಾವೊ ಲೈವ್ 2016ರಲ್ಲಿ ಶುರುವಾಯಿತು. ಒಬ್ಬರು ಕ್ಯಾಮೆರಾ ಮುಂದೆ ಕೂತು ವಸ್ತು ತೋರಿಸುತ್ತಾರೆ, ನೋಡುವವರು ಕೆಳಗೆ ಬರೆದು ಕೇಳುತ್ತಾರೆ. "ಒಳಗಿನ ಹೊಲಿಗೆ ತೋರಿಸಿ" ಅಂತ ಬರೆದರೆ ಆ ಕ್ಷಣವೇ ತಿರುಗಿಸಿ ತೋರಿಸುತ್ತಾರೆ. ಹೆಡ್‌ಸೆಟ್ ಆಂಟಿ ಹೇಳಿದ ತೋಳಿನ ಪ್ರಶ್ನೆಯನ್ನು ಇಲ್ಲಿ ಕೇಳಬಹುದು. ಸ್ವತಃ ಕ್ಯೂವಿಸಿಯೇ 2025ರಲ್ಲಿ ಟಿಕ್‌ಟಾಕ್ ಜೊತೆ ಸೇರಿ ಅಮೆರಿಕದಲ್ಲಿ ದಿನದ 24 ಗಂಟೆಯೂ ಲೈವ್ ಮಾರಾಟ ಶುರು ಮಾಡಿತು. ಹಾಗಾಗಿ ಜನಕ್ಕೆ ನೋಡಿ ಕೊಳ್ಳುವ ಆಸೆ ಹೋಗಿಲ್ಲ, ಪೆಟ್ಟಿಗೆ ಬದಲಾಗಿದೆ ಅಷ್ಟೇ.

ಹಳೇ ಆಂಟೆನಾ:

ಇದು ಒಳ್ಳೆಯ ಮಾತು ಚಿಗುರು. ಆದರೆ ಅಲ್ಲೂ "ಇನ್ನು ಸ್ವಲ್ಪವೇ ಉಳಿದಿದೆ" ಇದ್ದೇ ಇದೆಯಲ್ಲ? ಪೆಟ್ಟಿಗೆ ಬದಲಾದರೂ ಅವಸರ ಹಾಗೇ ಬಂದಿದೆ. ಟಿವಿ ಚಾನೆಲ್‌ಗೆ ಒಂದು ವಿಳಾಸ ಇರುತ್ತದೆ, ಪ್ರಸಾರದ ಪರವಾನಗಿ ಇರುತ್ತದೆ, ವಸ್ತು ಕೆಟ್ಟರೆ ಯಾರನ್ನು ಹಿಡಿಯಬೇಕು ಅಂತ ಗೊತ್ತಿರುತ್ತದೆ. ಲೈವ್‌ನಲ್ಲಿ ಇವತ್ತು ಮಾರಿದವರು ನಾಳೆ ಅದೇ ಹೆಸರಿನಲ್ಲಿ ಇರುತ್ತಾರಾ ಅನ್ನುವುದೇ ಅನುಮಾನ. ಆ ಭರವಸೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಖಾಲಿ ಕಪಾಟು:

ಇಷ್ಟು ಹೊತ್ತು ಓದುತ್ತಾ ಇದ್ದೆ, ಬರೆಯಬೇಕೋ ಬೇಡವೋ ಅಂತ.

ನನ್ನ ಅಕ್ಕ ಈ ಚಾನೆಲ್‌ಗಳಿಗೆ ಸಿಕ್ಕಿಬಿದ್ದಿದ್ದಳು. ಭಾವ ತೀರಿಹೋದ ಮೇಲೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆ ಹೊತ್ತಿಗೆ ಎಚ್ಚರ ಇರುತ್ತಿದ್ದದ್ದು ಆ ಚಾನೆಲ್ ಒಂದೇ. ನಿರೂಪಕಿಯರ ಹೆಸರು, ಅವರ ಮಕ್ಕಳ ಹೆಸರು ಎಲ್ಲ ಅವಳಿಗೆ ಗೊತ್ತಿತ್ತು. ಡಬ್ಬಗಳು ಬರುತ್ತಿದ್ದವು, ತೆರೆಯದೆ ಮಂಚದ ಕೆಳಗೆ ಹೋಗುತ್ತಿದ್ದವು. ಅವಳಿಗೆ ವಸ್ತು ಬೇಕಿರಲಿಲ್ಲ. ಕಂತುಗಳು ಸಣ್ಣವು, ಒಂದೊಂದೂ ಲೆಕ್ಕಕ್ಕೆ ಬಾರದಷ್ಟು ಸಣ್ಣವು. ಸೇರಿದಾಗ ಎಷ್ಟಾಗಿತ್ತು ಅಂತ ಇಲ್ಲಿ ಬರೆಯುವುದಿಲ್ಲ.

ನೀವೆಲ್ಲ ಆ ಹಳೆಯ ಆತ್ಮೀಯ ಮಾತನ್ನು ನೆನೆಯುತ್ತಿದ್ದೀರಿ. ನನಗೆ ಅದೇ ಹೆದರಿಕೆ. ಅಕ್ಕನಂಥವರಿಗೆ ಅದು ಜೊತೆಯೂ ಹೌದು, ಬಲೆಯೂ ಹೌದು. ಅವಳಿಗೆ ಈಗ ಈ ಚಾನೆಲ್ ಬೇಸರ ತರಿಸುತ್ತದೆ ಅಂದಾಗ ನನಗೆ ಸಮಾಧಾನವೇ ಆಯಿತು.

ಹಳೆಯ ಹೆಡ್‌ಸೆಟ್:

ಬರೆದದ್ದು ಒಳ್ಳೆಯದಾಯಿತು. ಅಂಥ ಕರೆಗಳು ನನಗೂ ಬರುತ್ತಿದ್ದವು, ನಡುರಾತ್ರಿಯಲ್ಲಿ. ಆರ್ಡರ್ ಮುಗಿದರೂ ಫೋನ್ ಇಡುತ್ತಿರಲಿಲ್ಲ. ಕೇಳಿಸಿಕೊಳ್ಳಬೇಕು ಅನಿಸುತ್ತಿತ್ತು. ಆದರೆ ಅವರು ಮಾತು ಮುಂದುವರಿಸಲು ಇನ್ನೊಂದು ವಸ್ತು ಆರ್ಡರ್ ಮಾಡುವುದನ್ನೂ ನೋಡಿದ್ದೇನೆ. ಅದನ್ನು ತಡೆಯುವ ಯಾವ ಸೂಚನೆಯೂ ನಮಗೆ ಇರಲಿಲ್ಲ. ಇರಬೇಕಿತ್ತು. ಒಬ್ಬರೇ ದಿನಾ ಆರ್ಡರ್ ಮಾಡುತ್ತಿದ್ದಾರೆ, ಏನನ್ನೂ ವಾಪಸ್ ಕಳಿಸುತ್ತಿಲ್ಲ ಅಂತ ಕಂಪ್ಯೂಟರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಂಥವರಿಗೆ ಒಳ್ಳೆಯ ಗಿರಾಕಿ ಅಂತ ಉಡುಗೊರೆ ಕೂಪನ್ ಹೋಗುತ್ತಿತ್ತು.

ನಾಲ್ಕನೇ ಚಾನೆಲ್:

ಖಾಲಿ ಕಪಾಟು ಅವರೇ, ಅಕ್ಕನ ಹತ್ತಿರ ತೆರೆಯದ ಡಬ್ಬಗಳು ಇನ್ನೂ ಇದ್ದರೆ ವಾಪಸಾತಿ ಅವಧಿ ಮುಗಿದಿದೆಯಾ ನೋಡಿ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಫೋನ್, ಟಿವಿ, ಇಂಟರ್ನೆಟ್ ಮೂಲಕ ಕೊಂಡದ್ದಕ್ಕೆ ಕಾರಣ ಹೇಳದೆ ಹಿಂತಿರುಗಿಸಲು 14 ದಿನ ಇದೆ. ಅಮೆರಿಕದಲ್ಲಿ ಇಷ್ಟವಾಗಲಿಲ್ಲ ಅಂತ ಹಿಂತಿರುಗಿಸುವ ಅವಧಿ ಚಾನೆಲ್‌ನ ಸ್ವಂತ ನಿಯಮ. ಆದರೆ ಹೇಳಿದ ಸಮಯಕ್ಕೆ ರವಾನಿಸದಿದ್ದರೆ, ಅಥವಾ ಸಮಯವನ್ನೇ ಹೇಳದೆ 30 ದಿನದೊಳಗೆ ರವಾನಿಸದಿದ್ದರೆ, ತಡವಾಗುತ್ತದೆ ಅಂತ ತಿಳಿಸಿ ರದ್ದು ಮಾಡುವ ಅವಕಾಶ ಕೊಡಲೇಬೇಕು. ಅಂಚೆ ವ್ಯಾಪಾರಕ್ಕೆ 1975ರಲ್ಲಿ ಬಂದ ಈ ನಿಯಮವನ್ನು ಆಮೇಲೆ ಫೋನ್ ಆರ್ಡರಿಗೂ ಇಂಟರ್ನೆಟ್ಟಿಗೂ ವಿಸ್ತರಿಸಿದರು. ಉಳಿದ ದೇಶಗಳಲ್ಲಿ ಗ್ರಾಹಕ ಕಾನೂನು ಬೇರೆ ಬೇರೆ. ಮೊದಲು ಡಬ್ಬದೊಳಗಿನ ಚೀಟಿ ಓದಿ, ದಿನಾಂಕ ನೋಡಿ.

ಖಾಲಿ ಕಪಾಟು:

ಅವಧಿ ಎಲ್ಲ ದಾಟಿದೆ. ಆದರೂ ಧನ್ಯವಾದ. ಬೇರೆ ಯಾರಿಗಾದರೂ ಉಪಯೋಗಕ್ಕೆ ಬರಲಿ.

ಸಂಜೆ ವೀಕ್ಷಕಿ:

ಎಲ್ಲವನ್ನೂ ಓದಿದೆ. ಕಪಾಟು ಅವರ ಮಾತು ಓದಿದ ಮೇಲೆ ನನಗೆ ಬೇಕಾದದ್ದು ಆತ್ಮೀಯ ಮಾತು ಅಲ್ಲ, ಪ್ರಾಮಾಣಿಕ ಮಾತು ಅನಿಸಿತು. ನಿರೂಪಕಿ ನನಗೆ ಗೆಳತಿಯಾಗುವುದು ಬೇಡ. ಕೊಡೆ ಹಿಡಿಸಲ್ಲ ಅಂದರಲ್ಲ, ಅಷ್ಟು ಸಾಕು. ಗಡಿಯಾರ ತೆಗೆಯಲಿ. ಎಷ್ಟು ಮಾರಾಟವಾಯಿತು ಅನ್ನುವುದು ನನಗೆ ಬೇಡ, ಎಷ್ಟು ಜನ ವಾಪಸ್ ಕಳಿಸಿದರು, ಯಾಕೆ ಕಳಿಸಿದರು ಅಂತ ಹೇಳಲಿ. ಒಂದು ಚಾನೆಲ್ ಅಷ್ಟು ಮಾಡಿದರೆ ನಾನು ಮತ್ತೆ ನೋಡುತ್ತೇನೆ. ಚಾನೆಲ್‌ಗೆ ಹೀಗೇ ಬರೆಯಬೇಕು ಅಂತಿದ್ದೇನೆ. ಹೆಡ್‌ಸೆಟ್ ಅವರೇ, ಅಂಥ ಪತ್ರ ಯಾರಾದರೂ ಓದುತ್ತಾರಾ?

ಹಳೆಯ ಹೆಡ್‌ಸೆಟ್:

ನಿಜ ಹೇಳಬೇಕೆಂದರೆ ಪತ್ರಕ್ಕಿಂತ ವಾಪಸಾತಿ ಚೀಟಿಯನ್ನು ಜಾಸ್ತಿ ಓದುತ್ತಾರೆ. ನಾನಿದ್ದ ಕಡೆ ಅದರಲ್ಲಿ ಕಾರಣ ಬರೆಯುವ ಕಾಲಂ ಇತ್ತು. ವಸ್ತುಗಳನ್ನು ಆರಿಸುವ ವಿಭಾಗಕ್ಕೆ ಅದರ ಪಟ್ಟಿ ಹೋಗುತ್ತಿತ್ತು. ಬಹಳ ಜನ "ಇಷ್ಟವಾಗಲಿಲ್ಲ" ಅಂತ ಗುರುತು ಹಾಕಿ ಬಿಡುತ್ತಾರೆ, ಅದರಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ. "ಟಿವಿಯಲ್ಲಿ ಹೇಳಿದ್ದು ಒಂದು, ಬಂದದ್ದು ಇನ್ನೊಂದು" ಅನ್ನುವುದಕ್ಕೆ ಬೇರೆ ಗುರುತು ಇರುತ್ತದೆ. ಅದು ಜಾಸ್ತಿಯಾದರೆ ಆ ವಸ್ತುವನ್ನು ಹೇಗೆ ತೋರಿಸಿದರು ಅಂತ ಪ್ರಸಾರವನ್ನು ತೆಗೆದು ನೋಡುತ್ತಿದ್ದರು. ಪತ್ರವನ್ನೂ ಬರೆಯಿರಿ, ಆದರೆ ಯಾವ ದಿನ, ಎಷ್ಟು ಗಂಟೆಯ ಕಾರ್ಯಕ್ರಮ, ವಸ್ತುವಿನ ಸಂಖ್ಯೆ ಏನು ಅಂತ ಹಾಕಿ. ಸಂಖ್ಯೆ ಇಲ್ಲದ ಪತ್ರ ಬಂದರೆ ನಾವು ಯಾರಿಗೆ ಕಳಿಸಬೇಕು ಅಂತಲೇ ತಿಳಿಯುತ್ತಿರಲಿಲ್ಲ.

ಕಿಟಕಿ ಪಕ್ಕದ ಕುರ್ಚಿ:

ಇದನ್ನು ಅಮ್ಮನಿಗೆ ಓದಿ ಹೇಳಿದೆ. ಹೋದ ವಾರ ಬಂದ ದಿಂಬು ವಾಪಸ್ ಹೋಗಬೇಕಿದೆ, ಪ್ರಸಾರದಲ್ಲಿ ಗಟ್ಟಿ ಅಂದಿದ್ದರು, ಬಂದದ್ದು ತೀರಾ ಮೆತ್ತಗಿದೆ. ಕಾರಣದ ಕಾಲಂ ತಾವೇ ಹೇಳಿ ಬರೆಸುತ್ತಾರಂತೆ.